ಬೋಟಿ ದಾರ

ಪೆನುಕೊಂಡದಿಂದ ಬೆಂಗಳೂರಿನವರೆಗೆ ಕುರಿಯ ಕರುಳನ್ನು ನನ್ನ ಹಾಗೆ ಸೀಳಬಲ್ಲ ಗಂಡಸು ಇನ್ನೂ ಹುಟ್ಟಿಲ್ಲ. ಒಂದೇ ದಿನದಲ್ಲಿ ಸಾವಿರ ಕುರಿಯ ಕರುಳು ಸೀಳಿದ್ದೇನೆ. ನಂಬದವರು ಐನೂರು ಅಂದುಕೊಳ್ಳಿ. ಅದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ನನ್ನ ಹೆಸರು ಆವುಲಪ್ಪ. ಜಾತಿ ಮಾದಿಗ. ನೀವು ಕೇಳುವ ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ಮೊದಲು ಅಪ್ಪನ ಹೆಸರು ಕೇಳುತ್ತೀರಿ, ಆಮೇಲೆ ಮನೆ ಎಲ್ಲಿ ಅನ್ನುತ್ತೀರಿ, ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತೀರಿ. ಈಗಲೇ ಸರಿದು ನಿಂತು ಕೇಳಿ.

ಬೆಳಿಗ್ಗೆ ಆರಕ್ಕೆ ಶಿಡ್ಲಘಟ್ಟದಿಂದ ಅಸ್ಗರನ ಎತ್ತಿನಗಾಡಿ ಬರುತ್ತದೆ. ಪೀಪಾಯಿ ತುಂಬ ಕರುಳು. ಕೈ ಹಾಕಿದರೆ ಇನ್ನೂ ಬೆಚ್ಚಗೆ. ಒಂದು ಕುರಿಯ ಕರುಳು ಎಪ್ಪತ್ತು ಅಡಿ. ಹಿಂಡಿ ಹಿಕ್ಕೆ ತೆಗೆಯಬೇಕು. ಕೊಬ್ಬು ಕೀಳಬೇಕು. ಉದ್ದಕ್ಕೆ ಸೀಳಬೇಕು. ಹಲಗೆಯ ಮೇಲೆ ಹಾಸಿ ಮೊಂಡು ಚೂರಿಯಿಂದ ಲೋಳೆ ಕೆರೆಯಬೇಕು. ಸೋಡಾ ನೀರಿನಲ್ಲಿ ಅದ್ದಬೇಕು. ಮತ್ತೆ ಕೆರೆಯಬೇಕು. ಕೊನೆಗೆ ಉಳಿಯುವುದು ಬೆರಳಗಲದ ಬಿಳಿ ಪಟ್ಟಿ, ಈರುಳ್ಳಿ ಪೊರೆಯಷ್ಟು ತೆಳು. ಸೋಡಾ ಉಗುರಿನ ಸಂದಿಗಿಳಿದು ಉಗುರನ್ನೇ ಎತ್ತಿಬಿಡುತ್ತದೆ. ನನ್ನ ಬಲಗೈಯಲ್ಲಿ ಉಳಿದಿರುವುದು ಎರಡು. ಮೈಯ ವಾಸನೆಯ ಮಾತು ಕೇಳಲೇಬೇಡಿ. ಸಾದಲಿಯ ನಾಯಿಗಳು ನನ್ನನ್ನು ನಂದಿಬೆಟ್ಟದ ತುದಿಯವರೆಗೆ ಹಿಂಬಾಲಿಸಿಕೊಂಡು ಬಂದಿವೆ. ಮೇಲಕ್ಕೆ ಹತ್ತಿ ತಮ್ಮ ಬಾಲ ತಾವೇ ಬೀಸಿಕೊಂಡು ಗಾಳಿ ಹಾಕಿಕೊಂಡವು.

ಆ ಪಟ್ಟಿಗಳನ್ನು ಹುರಿ ಮಾಡಿ ಎಳೆದು ಒಣಗಿಸಿದರೆ ದಾರ. ಡಾಕ್ಟರು ಮನುಷ್ಯರನ್ನು ಹೊಲಿಯುವ ದಾರ. ಹೊಟ್ಟೆ ಕೊಯ್ದರೆ ಒಳಗಿನ ಹೊಲಿಗೆಗೆ ಇದೇ ಬೇಕು. ಬಿಚ್ಚುವ ಕೆಲಸವಿಲ್ಲ. ಕೆಲವು ದಿನಕ್ಕೆ ಮೈಯೊಳಗೇ ಕರಗಿ ಮೈಯೇ ಆಗಿಬಿಡುತ್ತದೆ.

ಈ ದಾರದ ಫ್ಯಾಕ್ಟರಿ ಅರವತ್ತೊಂದನೇ ಇಸವಿಯಲ್ಲಿ ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವ ರಸ್ತೆಯ ಪಕ್ಕ ಎದ್ದಿತು. ಎದ್ದದ್ದು ಯಾರ ನೆಲದಲ್ಲಿ? ನಮ್ಮ ನೆಲದಲ್ಲಿ. ನಮ್ಮ ಕೇರಿಯ ಹನ್ನೊಂದು ಮನೆಗೆ ಸೇರಿದ ತೋಟಿ ಇನಾಮು, ನಾಲ್ಕು ಎಕರೆ. ನಮ್ಮ ತಾತಂದಿರು ಊರ ಚಾಕರಿ ಮಾಡಿ, ಸತ್ತ ದನ ಎಳೆದು, ಸರ್ಕಾರದ ಓಲೆ ಹೊತ್ತು ಓಡಿ ಉಳಿಸಿಕೊಂಡದ್ದು. ಪಂಚಾಯ್ತಿ ಚೇರ್ಮನ್ ರಾಮಾಂಜಿನಪ್ಪ ಗೌಡರು ಕೇರಿಯ ಬಾಯಿಗೆ ಬಂದು ನಿಂತರು. ಒಳಗೆ ಬರಲಿಲ್ಲ. ಬೇವಿನ ಮರದ ನೆರಳು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಬಂದರು.

"ಇನ್ನೂರು ಜನಕ್ಕೆ ಕೆಲಸ ಬತ್ತದೆ ಕಣ್ರೋ. ನೆಲ ಕೊಡಿ. ನಿಮಗೆ ಮನೆಗೊಂದು ಕೆಲಸ. ಇದು ನನ್ನ ಬಾಯಿಂದ ಬಂದ ಮಾತು."

ಹತ್ತು ಮನೆಯವರು ಹೆಬ್ಬೆಟ್ಟು ಒತ್ತಿದರು. ನಾನು ಮಾತ್ರ ಸಹಿ ಹಾಕಿದೆ. ಅಂಥ ಸಹಿಯನ್ನು ಮೈಸೂರು ಸಂಸ್ಥಾನದಲ್ಲೇ ಯಾರೂ ನೋಡಿರಲಿಲ್ಲ. ಶಾನುಭೋಗ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ, ಎಲ್ಲಿ ಶುರು ಎಲ್ಲಿ ಕೊನೆ ಅಂತ.

ಫ್ಯಾಕ್ಟರಿಗೆ ಎರಡು ಗೇಟು ಇಟ್ಟರು. ರಸ್ತೆಯ ಕಡೆಯ ಗೇಟು ಒಳಗಿನವರಿಗೆ. ಕೆರೆಯ ಕಡೆಯ ಗೇಟು ನಮಗೆ. ಒಳಗೆ ಬಿಳಿ ಗೋಡೆ, ಫ್ಯಾನು, ಕೂರುವುದಕ್ಕೆ ಸ್ಟೂಲು. ಹುರಿ ಮಾಡುವುದು, ಉಜ್ಜುವುದು, ಗಾಜಿನ ಕೊಳವೆಗೆ ತುಂಬುವುದು. ನಲವತ್ತು ಹೆಂಗಸರು. ನಲವತ್ತೂ ರಾಮಾಂಜಿನಪ್ಪನ ಪಟ್ಟಿಯಿಂದ ಬಂದವರು, ಹೊಲ ತೋಟ ಇದ್ದ ಮನೆಯವರು. ಅವರ ಮೇಲಿನ ಮೇಸ್ತ್ರಿ ವರಲಕ್ಷ್ಮಮ್ಮ, ರಾಮಾಂಜಿನಪ್ಪನ ತಮ್ಮನ ಹೆಂಡತಿ. ನಮಗೆ ಹಿಂದಿನ ಶೆಡ್ಡು, ಮೇಲೆ ತಗಡು. ಕೂರುವುದಕ್ಕೆ ನಮ್ಮ ಹಿಮ್ಮಡಿ.

"ಒಳಗಡೆ ಕೆಲಸ ಅಂದಿದ್ರಲ್ಲ ಗೌಡ್ರೆ?" ಎಂದು ಕೇಳಿದೆ.

"ಮನೆಗೊಂದು ಕೆಲಸ ಅಂದಿದ್ದೆ. ಒಳಗೋ ಹೊರಗೋ ಅಂತ ಹೇಳಿದ್ನೇನ್ರಾ?"

ಅವರಿಗೆ ಹಿಂದಿನ ವರ್ಷವೇ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹರ್ನಿಯಾ ಕೊಯ್ದಿದ್ದರು. ನಗುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ನಗುತ್ತಿದ್ದರು. ಅವತ್ತೂ ಹಾಗೇ ನಕ್ಕರು.

ಇನ್ನೊಂದು ವಿಷಯ. ಒಳಗಿನ ನಲವತ್ತು ಹೆಂಗಸರಿಗೆ ತಮ್ಮ ಕೈಯಲ್ಲಿರುವುದು ಏನೆಂದು ಗೊತ್ತಿರಲಿಲ್ಲ. ನಡುವೆ ಒಂದು ಗೋಡೆ, ಗೋಡೆಗೆ ಒಂದು ಕಿಟಕಿ, ಕಿಟಕಿಗೆ ಬಾಗಿಲು. ನಾವು ಪಟ್ಟಿಗಳನ್ನು ಬೋಗುಣಿಯಲ್ಲಿಟ್ಟು ತಳ್ಳುತ್ತಿದ್ದೆವು. ಚಿಕ್ಕಬಳ್ಳಾಪುರದಿಂದ ಬಂದಿದ್ದ ಮ್ಯಾನೇಜರ್ ಚನ್ನಕೇಶವ ಅದನ್ನು ಇನ್ನೊಂದು ಕೋಣೆಯಲ್ಲಿ ಬಿಳುಪು ಮಾಡಿಸಿ, ಸಣ್ಣ ಎಳೆಯಾಗಿ ಸೀಳಿಸಿ ಒಳಗೆ ಕಳಿಸುತ್ತಿದ್ದ. "ಸೀಮೆ ರೇಷ್ಮೆ" ಎಂದು ಹೇಳಿಟ್ಟಿದ್ದ. ಶಿಡ್ಲಘಟ್ಟದ ಸೀಮೆಯಲ್ಲಿ ಬೆಳ್ಳಗೆ ಹೊಳೆಯುವ ಎಳೆ ತೋರಿಸಿದರೆ ಯಾರಾದರೂ ರೇಷ್ಮೆ ಎಂದೇ ನಂಬುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದು ಅದೊಂದೇ. ಹಿಂದಿನ ಶೆಡ್ಡಿನಲ್ಲಿ ಏನು ಮಾಡ್ತಾರೆ ಎಂದು ಕೇಳಿದರೆ "ಗೊಬ್ಬರ" ಎನ್ನುತ್ತಿದ್ದ. ಶುಕ್ರವಾರ ಆ ಹೆಂಗಸರು ಹುರಿಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತಿದ್ದರು. ಉಳಿದ ತುಂಡುಗಳನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ದೇವರಿಗೆ ಹೂವು ಕಟ್ಟಲು ಅಷ್ಟು ಗಟ್ಟಿ ದಾರ ಎಲ್ಲಿ ಸಿಗಬೇಕು?

ಅವರು ಬೋಟಿ, ಅಂದರೆ ಕುರಿಯ ಕರುಳು, ತಿನ್ನದವರೇನಲ್ಲ. ಹಬ್ಬದ ಮರುದಿನ ಬೋಟಿ ಸಾರಿನ ಘಮಕ್ಕೆ ಊರೇ ತೂಗುತ್ತದೆ. ಅವರಿಗೆ ಕುರಿಯ ಕರುಳಿನಿಂದ ಮೈಲಿಗೆ ಇಲ್ಲ. ಕೆರೆದ ಕೈಯಿಂದ ಮೈಲಿಗೆ.

ಅರವತ್ತೆರಡರ ಕೊನೆಯಲ್ಲಿ ಚೀನಾದವರ ಮೇಲೆ ಯುದ್ಧ ಬಂತು. ದಾರಕ್ಕೆ ಬೇಡಿಕೆ ಬಂತು. ಒಳಗೆ ಇನ್ನೂ ಇಪ್ಪತ್ತು ಜನ ಬೇಕು, ಈ ಸಲ ಯಾರ ಪಟ್ಟಿಯೂ ಇಲ್ಲ, ಪರೀಕ್ಷೆ ಎಂದು ಗೇಟಿನ ಮೇಲೆ ಬರೆದು ಅಂಟಿಸಿದರು.

ನನ್ನ ತಂಗಿ ಚಿಕ್ಕವೆಂಕಟಮ್ಮ ಎಂಟನೇ ಕ್ಲಾಸು ಓದಿದ್ದವಳು. ಶಿಡ್ಲಘಟ್ಟದಲ್ಲಿ ಅಸ್ಗರನ ತಾಯಿ ದಿಲ್ಷಾದ್ ಬೇಗಂ ಮನೆಯ ಚರಕದಲ್ಲಿ ನಾಲ್ಕು ವರ್ಷ ರೇಷ್ಮೆ ತೆಗೆದಿದ್ದಳು. ಕುದಿಯುವ ನೀರಿಗೆ ಬೆರಳಿಟ್ಟು ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳಿಗೆ ಕಣ್ಣು ಬಂದಿತ್ತು. ಒಗೆದ ಬಿಳಿ ಸೀರೆ ಉಟ್ಟು ರಸ್ತೆಯ ಗೇಟಿನಿಂದಲೇ ಒಳಗೆ ಹೋದಳು. ಚನ್ನಕೇಶವ ಅವಳ ಕಣ್ಣಿಗೆ ಟವಲ್ಲು ಕಟ್ಟಿ ಏಳು ದಪ್ಪದ ದಾರ ಕೊಟ್ಟ. ಏಳನ್ನೂ ಸಾಲಾಗಿ ಜೋಡಿಸಿದಳು. ಅವನು ತನ್ನ ತಲೆಯಿಂದ ಒಂದು ಕೂದಲು ಕಿತ್ತು ಕೈಗಿಟ್ಟ.

"ಇದು ದಾರ ಅಲ್ಲ ಸಾರ್, ನಿಮ್ಮ ತಲೇದು. ಎಣ್ಣೆ ಹಚ್ಚೋದು ಬಿಟ್ಟಿದ್ದೀರ" ಎಂದಳು.

ಪರೀಕ್ಷೆಗೆ ಬಂದ ಅರವತ್ತು ಜನದಲ್ಲಿ ಮೊದಲನೆಯವಳಾಗಿ ಆಯ್ಕೆಯಾದಳು. ನಾನು ಹೇಳುವಾಗ ಆರುನೂರು ಎನ್ನುತ್ತೇನೆ. ಯಾವ ಊರಮ್ಮ ಎಂದು ಚನ್ನಕೇಶವ ಕೇಳಿದ, ಊರ ಹೆಸರು ಹೇಳಿದಳು. ಊರಿನೊಳಗೋ ಹೊರಗೋ ಎಂದು ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ.

ಇನ್ನು ಮುಂದೆ ನನ್ನ ತಂಗಿಯ ವಿಷಯಕ್ಕೆ ನಾನು ಉಪ್ಪು ಖಾರ ಹಚ್ಚುವುದಿಲ್ಲ.

ಸೋಮವಾರ ಕೆಲಸಕ್ಕೆ ಹೋದಳು. ಬಿಳಿ ಕೋಟು, ತಲೆಗೆ ಬಿಳಿ ಟೋಪಿ, ಬಾಯಿಗೆ ಬಿಳಿ ಬಟ್ಟೆ ಕೊಟ್ಟರು. ಬಾಯಿ ಮುಚ್ಚಿದ ಮೇಲೆ ಎಲ್ಲರೂ ಒಂದೇ. ವರಲಕ್ಷ್ಮಮ್ಮನೇ ಅವಳ ಹೆಗಲು ತಟ್ಟಿ "ಶಾನೆ ಚೆನ್ನಾಗಿ ಹುರಿ ಹಾಕ್ತೀಯ ಕಣಮ್ಮ" ಎಂದಳಂತೆ. ಹನ್ನೊಂದು ಗಂಟೆಗೆ ಬಾಯಾರಿತು. ಮೂಲೆಯ ಮಡಕೆಯಿಂದ ಲೋಟ ತುಂಬಿಕೊಂಡಳು. ಕುಡಿಯಲು ಬಾಯಿಯ ಬಟ್ಟೆ ಇಳಿಸಿದಳು.

"ಅಯ್ಯಯ್ಯೋ! ಇವ್ಳು ಆವುಲಪ್ಪನ ತಂಗಿ ಅಲ್ವೇನೇ!" ಪಕ್ಕದ ಸ್ಟೂಲಿನವಳು ಕೂಗಿದಳು.

ಲೋಟ ಬಾಯಲ್ಲೇ ಇತ್ತು. ವರಲಕ್ಷ್ಮಮ್ಮ ಮುಟ್ಟಲಿಲ್ಲ. ಕಸಬರಿಕೆಯ ಕೋಲಿನಿಂದ ಲೋಟ ತಟ್ಟಿ ಬೀಳಿಸಿದಳು. ಕೋಲು ತುಟಿಗೆ ತಾಗಿ ರಕ್ತ ಬಂತು. "ಕೋಟು ಬಿಚ್ಚೇ. ಬಿಚ್ಚಿ ಅಲ್ಲೇ ಹಾಕು." ಬಿಚ್ಚಿ ಹಾಕಿದಳು. ಅದೇ ಕೋಲಿನಿಂದ ಕೋಟೆತ್ತಿ ಅಂಗಳದಲ್ಲಿ ಸುಟ್ಟರು. ಮಡಕೆಯನ್ನು ಹೊರಗೆ ತಂದು ಒಡೆದು, ಮೂಲೆಗೆ ಹೊಸದು ಇಟ್ಟರು. ಬೆಳಿಗ್ಗೆ ಹೆಗಲು ತಟ್ಟಿದ್ದಕ್ಕೆ ವರಲಕ್ಷ್ಮಮ್ಮ ಬಾವಿಯ ಹತ್ತಿರ ನಿಂತು ತಲೆಗೆ ನೀರು ಸುರಿದುಕೊಂಡಳು. ಮ್ಯಾನೇಜರ್ ಬಂದು "ನೀನು ಹಿಂದಿನ ಶೆಡ್ಡಿಗೆ ಹೋಗಮ್ಮ, ಅಲ್ಲೂ ಕೆಲಸ ಇದೆ" ಎಂದ. ಅಷ್ಟೇ ಅಂದ. ಅವನ ಬಾಯಿಯ ಬಟ್ಟೆ ಇನ್ನೂ ಬಿಗಿಯಾಗೇ ಇತ್ತು.

ಅವಳು ಶೆಡ್ಡಿಗೆ ಬಂದು ನನ್ನ ಪಕ್ಕ ಹಿಮ್ಮಡಿಯ ಮೇಲೆ ಕೂತಳು. ತುಟಿ ಒರೆಸಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ಪೀಪಾಯಿಯಲ್ಲಿದ್ದ ಕರುಳನ್ನು ಒಂದು ಬೆರಳಿನಿಂದ ಎತ್ತಿ ನೋಡಿದಳು.

"ಅಣ್ಣ, ಆಯಮ್ಮ ನೀರು ಸುರಕೊಳ್ಳೋವಾಗ ಆಯಮ್ಮನ ಕೊರಳು ನೋಡ್ದೆ."

"ಏನಿತ್ತು ಕೊರಳಲ್ಲಿ?"

"ನಾಳೆ ಹೇಳ್ತೀನಿ. ಎಲ್ಲರ ಎದುರಿಗೆ ಹೇಳ್ತೀನಿ. ನಾಳೆ ಯಾರೂ ಚೂರಿ ಮುಟ್ಟಬೇಡಿ."

ಮರುದಿನ ಅಸ್ಗರ್ ಗಾಡಿ ತಂದ. ಮುನ್ನೂರು ಕುರಿಯ ಕರುಳು. ಇಳಿಸಿದ. ಯುದ್ಧ ಬಂದ ಮೇಲೆ ಮನೆಗೆ ಇಬ್ಬರಾಗಿದ್ದ ನಾವು ಇಪ್ಪತ್ತೆರಡು ಜನ ಹಲಗೆಯ ಮುಂದೆ ಕೈಕಟ್ಟಿ ಕೂತೆವು. ಕರುಳು ಕಾಯುವುದಿಲ್ಲ. ಗೋಣಿಚೀಲದ ರಾಗಿಯಲ್ಲ ಅದು, ನಾಳೆ ನೋಡೋಣ ಎನ್ನಲು. ಎಂಟಕ್ಕೆ ಬೆವರಿತು. ಒಂಬತ್ತಕ್ಕೆ ಉಬ್ಬಿತು. ಹತ್ತಕ್ಕೆ ನೊಣ ಬಂದವು. ಎಷ್ಟು ನೊಣ ಎಂದರೆ ಚಿಂತಾಮಣಿ, ಗೌರಿಬಿದನೂರಿನಲ್ಲಿ ಅವತ್ತು ಒಂದು ನೊಣವೂ ಇರಲಿಲ್ಲ, ಎಲ್ಲ ಇಲ್ಲೇ ಇದ್ದವು. ವಾಸನೆ ಗೋಡೆ ಹತ್ತಿ ಆ ಕಡೆಗೆ ಇಳಿಯಿತು. ಫ್ಯಾನು ಅದನ್ನು ಎಲ್ಲರಿಗೂ ಸಮನಾಗಿ ಹಂಚಿತು.

ಚನ್ನಕೇಶವ ಓಡಿಬಂದ. ಬಾಯಿಯ ಬಟ್ಟೆಯ ಮೇಲೆ ಮೂಗಿಗೆ ಕರವಸ್ತ್ರ.

"ಏನ್ರಯ್ಯ ಇದು? ಸಂಜೆಗೆ ಲಾರಿ ಬರುತ್ತೆ. ಗಡೀಲಿ ಜವಾನರು ಸಾಯ್ತಾ ಇದ್ದಾರೆ, ನೀವು ಕೂತಿದ್ದೀರಾ?"

"ಜವಾನರಿಗೆ ಹಗಲೂ ರಾತ್ರಿ ಬಿಟ್ಟಿ ಕೆರಿತೀವಿ ಸ್ವಾಮಿ" ಎಂದೆ. "ನನ್ನ ತಂಗಿ ಅವ್ಳ ಜಾಗದಾಗೆ ಕೂತ್ಕಂಡ್ಲಿ. ನೀವೇ ಕೊಟ್ಟ ಜಾಗ. ಎಲ್ರೂ ಕುಡಿಯೋ ಮಡಕೆ ನೀರೇ ಕುಡೀಲಿ."

"ನಾನೇನಪ್ಪ ಮಾಡ್ಲಿ? ಅವರು ಒಪ್ಪಲ್ಲ."

"ಹಂಗಾದ್ರೆ ಕರುಳೂ ಒಪ್ಪಲ್ಲ."

ಅವನು ಅಸ್ಗರನ ಕಡೆ ತಿರುಗಿದ. "ನೀನಾದ್ರೂ ಬೇರೆ ಆಳು ಕರ್ಕೊಂಡು ಬಾರಯ್ಯ, ಕಸಾಯಿಖಾನೆಯಿಂದ."

ಅಸ್ಗರ್ ಬೀಡಿ ಹಚ್ಚಿದ. "ಆ ಹುಡುಗಿ ನಮ್ ಅಮ್ಮೀ ಕೈ ಕೆಳಗೆ ಬೆಳೆದವ್ಳು ಸಾಬ್. ನಮ್ ಮನೇಲಿ ನಮ್ ಲೋಟದಲ್ಲೇ ಚಾ ಕುಡಿದವ್ಳು. ಗಾಡಿ ಅಲ್ಲಾಡಲ್ಲ."

ರಾಮಾಂಜಿನಪ್ಪ ಬೆತ್ತ ಹಿಡಿದು ಕೆರೆಯ ಗೇಟಿನಿಂದ ಬಂದರು. ಆ ಗೇಟಿನಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು.

"ಒರೇ ಆವುಲಪ್ಪ, ಏಮ್ರಾ ಕೊಬ್ಬು? ನೆಲ ತಕ್ಕೊಂಡು ಕೆಲಸ ಕೊಟ್ಟಿದ್ದು ತಪ್ಪಾಯ್ತೇನ್ರಾ? ನಾಳೆಯಿಂದ ಕೇರಿಯೋರು ಯಾರೂ ಗೇಟಿಗೆ ಬರಂಗಿಲ್ಲ!"

"ಕೊಬ್ಬು ಕೀಳೋದೇ ನಮ್ ಕೆಲಸ ಗೌಡ. ಎಲ್ಲೈತೆ ತೋರ್ಸು" ಎಂದೆ.

ಗೌಡ್ರೆ ಎನ್ನಲಿಲ್ಲ. ಗೌಡ ಎಂದೆ. ಬೆತ್ತ ಬಂತು. ಮೂವತ್ತೆರಡು ಹಲ್ಲೂ ಉದುರಿದವು ಎಂದು ನಾನು ಸಂತೆಗಳಲ್ಲಿ ಹೇಳಿಕೊಂಡು ಬಂದಿದ್ದೇನೆ. ಉದುರಿದ್ದು ಎರಡು. ಮೇಲಿನವು. ನಾನು ಎದ್ದೇಳುವಷ್ಟರಲ್ಲಿ ಚಿಕ್ಕವೆಂಕಟಮ್ಮ ಪೀಪಾಯಿಯಿಂದ ಒಂದು ಕರುಳು ಎಳೆದು ಹೆಗಲಿಗೆ ಹಾಕಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಹಲಗೆ, ಸೊಂಟದಲ್ಲಿ ಚೂರಿ. ಕಟ್ಟಡ ಸುತ್ತಿ ಮುಂದಕ್ಕೆ ನಡೆದಳು. ಕೇರಿಯೆಲ್ಲ ಹಿಂದೆ ನಡೆಯಿತು. ಬೆತ್ತವೂ ಹಿಂದೆಯೇ ಬಂತು.

ಮುಂಬಾಗಿಲ ಮೆಟ್ಟಿಲ ಮೇಲೆ ಹಲಗೆ ಹಾಕಿ ಕೂತಳು. ವಾಸನೆ ತಾಳಲಾರದೆ ಒಳಗಿನ ಹೆಂಗಸರೆಲ್ಲ ಆಗಲೇ ಜಗಲಿಗೆ ಬಂದು ಬಾಯಿಯ ಬಟ್ಟೆ ತೆಗೆದು ಉಸಿರಾಡುತ್ತಿದ್ದರು.

"ಯಾಕೇ ಬಂದೆ ಈ ಕಡೆಗೆ? ನಾಚಿಕೆ ಆಗಲ್ವಾ?" ವರಲಕ್ಷ್ಮಮ್ಮ ಕಿರುಚಿದಳು.

ಚಿಕ್ಕವೆಂಕಟಮ್ಮ ಕರುಳು ಕೈಗೆತ್ತಿಕೊಂಡಳು. ಹಿಂಡಿದಳು. ಹಿಕ್ಕೆ ಮೆಟ್ಟಿಲ ಮೇಲೆ ಬಿತ್ತು. ಸೀಳಿದಳು. ಕೆರೆದಳು. ಅಸ್ಗರ್ ಒಂದು ತಂಬಿಗೆ ನೀರು ಹಾಕಿದ. ತೊಳೆದಳು. ಬಿಳಿ ಪಟ್ಟಿ ಬಂತು. ಚೂರಿಯ ತುದಿಯಿಂದ ಅದರಲ್ಲಿ ಸಣ್ಣ ಎಳೆ ಬಿಡಿಸಿದಳು. ಒಂದು ತುದಿ ನನ್ನ ಹಲ್ಲಿಗೆ ಕೊಟ್ಟಳು. ರಕ್ತ ಸುರಿಯುತ್ತಿದ್ದ ಬಾಯಿಯಲ್ಲಿ ಉಳಿದ ಹಲ್ಲಿನಿಂದ ಕಚ್ಚಿ ಹಿಡಿದೆ. ಇನ್ನೊಂದು ತುದಿ ಹಿಡಿದು ಆ ಬೆರಳುಗಳಿಂದ ಹುರಿ ಹಾಕಿದಳು. ನೋಡುತ್ತಿದ್ದ ಹಾಗೆ ಪಟ್ಟಿ ಗುಂಡಗಾಯಿತು, ದಾರವಾಯಿತು, ಬಿಸಿಲಿಗೆ ಹೊಳೆಯಿತು. ನಲವತ್ತು ಹೆಂಗಸರಿಗೂ ಆ ಹೊಳಪಿನ ಗುರುತು ಹತ್ತಿತು. ದಿನಾ ಕೈಯಾಡಿಸಿದ ಹೊಳಪು.

"ಮ್ಯಾನೇಜರ್ ಸಾರ್," ಎಂದಳು, "ಇದು ನಿಮ್ಮ ಸೀಮೆ ರೇಷ್ಮೆ ಹೌದೋ ಅಲ್ವೋ? ಹೇಳಿ."

ಚನ್ನಕೇಶವ ತನ್ನ ಬೂಟು ನೋಡಿಕೊಂಡ.

"ಹೇಳ್ರೀ!" ವರಲಕ್ಷ್ಮಮ್ಮ ಎಂದಳು.

ಅವನು ಬೂಟನ್ನೇ ನೋಡುತ್ತಿದ್ದ. ಆಗ ಚಿಕ್ಕವೆಂಕಟಮ್ಮ ಎದ್ದು ನಿಂತಳು. ಕೈಯ ಲೋಳೆ ಸೀರೆಗೆ ಒರೆಸಿಕೊಂಡಳು.

"ವರಲಕ್ಷ್ಮಮ್ಮನೋರೆ, ನಿನ್ನೆ ತಲೆಗೆ ನೀರು ಹಾಕ್ಕೊಂಡ್ರಲ್ಲ. ಕೊರಳಾಗಿರೋ ಕರಿಮಣಿ ಯಾವ ದಾರದಾಗೆ ಪೋಣಿಸಿದ್ದೀರ?"

 

ವರಲಕ್ಷ್ಮಮ್ಮನ ಕೈ ಕೊರಳಿಗೆ ಹೋಯಿತು. ಅವಳ ಪಕ್ಕದವಳ ಕೈ ಹೋಯಿತು. ಅವಳ ಪಕ್ಕದವಳದೂ. ಜಗಲಿಯ ಉದ್ದಕ್ಕೂ ಗಂಡ ಇದ್ದ ಹೆಂಗಸರ ಕೈಗಳೆಲ್ಲ ಕೊರಳಿಗೆ ಹೋದವು. ಗಟ್ಟಿ ದಾರ, ಹರಿಯುವುದಿಲ್ಲ ಎಂದು ವರಲಕ್ಷ್ಮಮ್ಮನೇ ಎಲ್ಲರಿಗೂ ಹಂಚಿ ಕರಿಮಣಿ ಪೋಣಿಸಿಕೊಟ್ಟಿದ್ದಳು. ನಾನು ಕೆರೆದ ಕರುಳು ಅದು. ನನ್ನ ಉಗುರು ಬಿದ್ದ ನೀರಿನಲ್ಲಿ ತೊಳೆದದ್ದು. ಒಂದು ವರ್ಷದಿಂದ ಅವರ ಎದೆಯ ಮೇಲೆ ಮಲಗಿತ್ತು. ಗಂಡಂದಿರು ಬದುಕಿರುವಾಗ ಕತ್ತರಿಸುವಂತಿಲ್ಲ, ಅಪಶಕುನ. ಗೊತ್ತಾದ ಮೇಲೆ ಇಟ್ಟುಕೊಳ್ಳುವಂತಿಲ್ಲ, ಮೈಲಿಗೆ.

"ಕತ್ತರಿ ತನ್ನಿ!" ಎಂದಳು ವರಲಕ್ಷ್ಮಮ್ಮ. ಮರುಗಳಿಗೆ, "ಬೇಡ, ಬೇಡ, ತರಬೇಡಿ!" ಎಂದಳು. ಕರಿಮಣಿಯನ್ನು ಮೈಗೆ ತಾಗದ ಹಾಗೆ ಎರಡು ಬೆರಳಿನಿಂದ ಮುಂದಕ್ಕೆ ಎಳೆದು ಹಿಡಿದು ನಿಂತಳು. ಒಬ್ಬಳು ವಾಂತಿ ಮಾಡಿದಳು. ಒಬ್ಬಳು ನನ್ನ ಗಂಡ, ನನ್ನ ಗಂಡ ಎಂದು ಎದೆ ಬಡಿದುಕೊಂಡಳು. ಅವಳ ಗಂಡ ಶಿಡ್ಲಘಟ್ಟದ ಗೂಡಿನ ಸಂತೆಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿದ್ದ.

ರಾಮಾಂಜಿನಪ್ಪನ ಮುಖ ಬೂದಿಯಾಗಿತ್ತು. "ಸುಡಿಸ್ತೀನಿ! ಈ ದಾರ ಎಲ್ಲೆಲ್ಲಿ ಐತೋ ಅಷ್ಟೂ ಸುಡಿಸ್ತೀನಿ!"

"ಹೊಟ್ಟೆ ಒಳಗಿಂದು ಹೆಂಗ್ ಸುಡ್ತೀಯ ಗೌಡ?" ಎಂದಳು ನನ್ನ ತಂಗಿ. "ನಿನ್ನ ಹರ್ನಿಯಾ ಹೊಲಿದಿದ್ದೂ ಕರುಳಿನ ದಾರದಾಗೇ. ಎಲ್ಲೋ ನಮ್ಮಂಥೋರು ಕೆರೆದಿದ್ದು. ಅದು ಕರಗಿ ನೀನೇ ಆಗೋಗೈತೆ. ನಿನ್ನ ಎಲ್ಲಿ ಬಿಸಾಕ್ತೀಯ?"

ಬೆತ್ತ ಮೇಲೆದ್ದಿತು. ಅರ್ಧದಲ್ಲೇ ನಿಂತಿತು. ಅವರ ಇನ್ನೊಂದು ಕೈ ಹೊಟ್ಟೆಗೆ ಹೋಗಿತ್ತು. ಈ ಸಲ ನಗುವುದಕ್ಕಲ್ಲ.

ಮಧ್ಯಾಹ್ನ ಒಂದಕ್ಕೆ ಫ್ಯಾಕ್ಟರಿಯ ಒಳಗೆ ಒಬ್ಬ ಹೆಂಗಸೂ ಇರಲಿಲ್ಲ. ಕೆಲವರು ಪೂಜಾರಿಯ ಹತ್ತಿರ, ಕೆಲವರು ಬಾವಿಯ ಹತ್ತಿರ. ಐದಕ್ಕೆ ಲಾರಿ ಬರುವುದಿತ್ತು. ಚನ್ನಕೇಶವ ಬಾಯಿಯ ಬಟ್ಟೆ ತೆಗೆದ. ಅವನ ಬಾಯಿಯನ್ನು ನಾವು ಪೂರ್ತಿ ನೋಡಿದ್ದು ಆಗಲೇ. ಸಣ್ಣ ಬಾಯಿ.

"ಒಳಗೆ ಬಾರಮ್ಮ. ನಿನ್ನ ಜಾಗದಲ್ಲಿ ಕೂತ್ಕೋ."

"ನಾನೊಬ್ಳೇ ಅಲ್ಲ. ನೆಲ ಕೊಟ್ಟಿದ್ದು ಹನ್ನೊಂದು ಮನೆ."

"ಹನ್ನೊಂದು ಜನ ಬನ್ನಿ."

"ಈ ಬಾಗಿಲಿನಿಂದ."

"ಈ ಬಾಗಿಲಿನಿಂದಲೇ ಬನ್ನಿ. ನಿಮಗೆ ಅಂತ ಒಂದು ಹೊಸ ಮಡಕೆ ತರಿಸಿ ಆ ಕಿಟಕಿ ಹತ್ರ ಇಡಿಸ್ತೀನಿ."

ಮೇಲಿನ ಮೆಟ್ಟಿಲಿಗೆ ಕಾಲಿಟ್ಟಿದ್ದವಳು ಕಾಲು ಹಿಂದಕ್ಕೆ ತೆಗೆದಳು. ಹಲಗೆಯ ಮುಂದೆ ಮತ್ತೆ ಕೂತಳು. ಕೈ ಕಟ್ಟಿದಳು. ನಾವೂ ಕೂತೆವು. ಕರುಳು ಹಸಿರಾಗುತ್ತಿತ್ತು. ಹಲ್ಲು ಹೋದ ಜಾಗ ಧಗಧಗ ಎನ್ನುತ್ತಿತ್ತು. ಒಂದು ಗಂಟೆ ಕೂತೆವು. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಅದು ನನ್ನ ಜೀವಮಾನದ ದಾಖಲೆ.

"ಎಲ್ಲರಿಗೂ ಒಂದೇ ಮಡಕೆ" ಎಂದ ಚನ್ನಕೇಶವ ಕೊನೆಗೆ. ಅವನ ಕಣ್ಣು ರಸ್ತೆಯ ಮೇಲಿತ್ತು.

ಆಗ ಹೋದರು. ಹನ್ನೊಂದು ಹೆಂಗಸರು, ಮುಂಬಾಗಿಲಿನಿಂದ. ಬಿಳಿ ಕೋಟು ತೊಟ್ಟರು. ಚಿಕ್ಕವೆಂಕಟಮ್ಮ ಮೊದಲು ನೀರು ಕುಡಿದಳು, ಆಮೇಲೆ ಬಾಯಿಗೆ ಬಟ್ಟೆ ಕಟ್ಟಿದಳು. ಹಿಂದಿನ ದಿನ ಒಣಗಿದ್ದ ದಾರವನ್ನೆಲ್ಲ ಉಜ್ಜಿ ಕೊಳವೆಗೆ ತುಂಬಿ ಐದೂವರೆಗೆ ಲಾರಿಗೇರಿಸಿದರು. ನಾವು ಹಿಂದೆ ಹೋಗಿ ಕೊಳೆತದ್ದನ್ನು ಹೂತು, ಉಳಿದದ್ದನ್ನು ಕೆರೆದೆವು.

ಗೆದ್ದೆವು ಎಂದು ಹೇಳಿ ಮುಗಿಸಿದರೆ ನಿಮಗೂ ನಿದ್ದೆ ಚೆನ್ನಾಗಿ ಬರುತ್ತದೆ. ಬರುವುದು ಬೇಡ. ನಾಲ್ಕನೇ ದಿನಕ್ಕೆ ಆ ಹೆಂಗಸರೆಲ್ಲ ವಾಪಸು ಬಂದರು. ಫ್ಯಾನಿನ ಕೆಳಗಿನ ಕೆಲಸ ಯಾರು ಬಿಡುತ್ತಾರೆ? ಪೂಜಾರಿ ಏನೋ ಮಂತ್ರ ಹೇಳಿ ಕರಿಮಣಿಯನ್ನು ಹತ್ತಿಯ ದಾರಕ್ಕೆ ವರ್ಗ ಮಾಡಿಕೊಟ್ಟಿದ್ದ. ಅದೇ ಕರುಳಿನ ಎಳೆ ಹಿಡಿದು ಅದೇ ಸ್ಟೂಲಿನ ಮೇಲೆ ಕೂತರು. ಕರುಳಿನೊಂದಿಗೆ ರಾಜಿಯಾದರು. ನಮ್ಮೊಂದಿಗೆ ಆಗಲಿಲ್ಲ. ಆರನೇ ದಿನ ಬೆಳಿಗ್ಗೆ ಒಳಗೆ ಹೋದರೆ ಎರಡನೆಯ ಮಡಕೆ. ಕಿಟಕಿಯ ಹತ್ತಿರ. ಯಾರು ಇಟ್ಟರೆಂದು ಯಾರಿಗೂ ಗೊತ್ತಿಲ್ಲ. ವರಲಕ್ಷ್ಮಮ್ಮ ದಾರ ನೋಡುತ್ತಿದ್ದಳು.

ಚಿಕ್ಕವೆಂಕಟಮ್ಮ ಅದನ್ನು ಎತ್ತಿ ಅಂಗಳಕ್ಕೆ ತಂದಳು. ತನ್ನ ಕೋಟು ಸುಟ್ಟ ಕಪ್ಪು ಗುರುತಿನ ಮೇಲೆ ಒಡೆದಳು. ಕೈ ತೊಳೆದು ಬಂದು ಹುರಿಗೆ ಕೂತಳು.

ಮತ್ತೆ ಇಟ್ಟರು. ಮತ್ತೆ ಒಡೆದಳು. ಒಂದು ಸಲ ಅರ್ಧ ದಿನದ ಕೂಲಿ ಹಿಡಿದರು, ಒಂದು ಸಲ ಪೊಲೀಸಿನವನನ್ನು ಕರೆಸಿದರು. ಅವನು ಬಂದು, ಮೂಗು ಮುಚ್ಚಿಕೊಂಡು, ಹೋದ. ಇದು ಅರವತ್ತೈದನೇ ಇಸವಿ. ಅವಳು ಈಗಲೂ ಆ ಸ್ಟೂಲಿನ ಮೇಲೆ ಕೂತಿದ್ದಾಳೆ. ಬೆಳಿಗ್ಗೆ ಒಳಗೆ ಹೋದವಳೇ ಮೊದಲು ನೋಡುವುದು ಕಿಟಕಿಯ ಕಡೆ.

ಇದುವರೆಗೆ ಏಳು ಮಡಕೆ ಒಡೆದಿದ್ದಾಳೆ. ನಾನು ಹೇಳುತ್ತಿದ್ದೇನೆಂದು ಎಪ್ಪತ್ತೋ, ಎರಡೋ ಅಂದುಕೊಳ್ಳಬೇಡಿ. ಏಳು. ಚೂರುಗಳು ಅಂಗಳದಲ್ಲೇ ಇವೆ, ಬಂದು ಎಣಿಸಿ.